ಅರಸನ ತಟ್ಟೆಯಲ್ಲಿ ಬದುವಿನ ಹುಲ್ಲು



ಇತಿಹಾಸವೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಯುದ್ಧಗಳು, ಒಪ್ಪಂದಗಳು ಮತ್ತು ಬಾಯಿಪಾಠ ಮಾಡಿದ ಇಸವಿಗಳು. ಪರೀಕ್ಷೆಗೆ ಅವು ಬೇಕು, ನಿಜ. ಆದರೆ ಒಬ್ಬ ಅರಸನು ತನ್ನ ಆಯುಷ್ಯದಲ್ಲಿ ಮಾಡಿದ ಯುದ್ಧಗಳನ್ನು ಬೆರಳುಗಳಲ್ಲಿ ಎಣಿಸಬಹುದು. ಊಟವನ್ನಾದರೋ ಆತ ದಿನವೂ ಮಾಡುತ್ತಿದ್ದನು. ಹಾಗಿದ್ದಮೇಲೆ ಅವನು ಉಂಡ ತಟ್ಟೆಯೂ ಅವನ ಕಾಲದ ಒಂದು ದಾಖಲೆಯೇ ಅಲ್ಲವೇ? ಶಾಸನವನ್ನು ಓದುವಂತೆ ತಟ್ಟೆಯನ್ನೂ ಓದಬಹುದು. ಇಂದು ಅಂತಹ ಒಂದು ತಟ್ಟೆಯನ್ನು ನಿಮ್ಮೊಡನೆ ಓದಬೇಕೆಂಬ ಆಸೆ. ಅದು ಡೆನ್ಮಾರ್ಕ್ ದೇಶದ ರಾಜಮನೆತನಕ್ಕೆ ಸೇರಿದ ಪಿಂಗಾಣಿ ತಟ್ಟೆ. ದೂರದ ದೇಶದ್ದೆಂದು ಬೇಸರಿಸಬೇಡಿ. ಕಡೆಗೆ ಅದು ನಿಮ್ಮ ಮನೆಯ ಒಗ್ಗರಣೆಯವರೆಗೂ ಬಂದು ನಿಲ್ಲುತ್ತದೆ.

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಪಿಂಗಾಣಿಯೆಂದರೆ ಹೆಚ್ಚುಕಡಿಮೆ ಚಿನ್ನದ ಮರ್ಯಾದೆ. ಚೀನೀಯರು ಶತಮಾನಗಳಿಂದ ಬಲ್ಲ ಆ ವಿದ್ಯೆ ಯುರೋಪಿಗೆ ದಕ್ಕಿದ್ದು ತೀರ ತಡವಾಗಿ. ಜರ್ಮನಿಯ ಮೈಸೆನ್ ಎಂಬಲ್ಲಿ 1710ರಲ್ಲಿ ಅಲ್ಲಿಯ ಮೊದಲ ಗಟ್ಟಿ ಪಿಂಗಾಣಿಯ ಕಾರ್ಖಾನೆ ಆರಂಭವಾಯಿತು. ಅನಂತರ ಪ್ರತಿಯೊಬ್ಬ ದೊರೆಗೂ ತನ್ನದೇ ಆದ ಕಾರ್ಖಾನೆಯಿರಬೇಕೆಂಬ ಹಂಬಲ ಹುಟ್ಟಿತು. ಔತಣದ ಮೇಜಿಗೆಂದು ನೂರಾರು ಪಾತ್ರೆಗಳನ್ನು ಒಂದೇ ಮಾದರಿಯಲ್ಲಿ ಮಾಡಿಸುವುದು ದೊರೆತನದ ಲಕ್ಷಣವಾಯಿತು. ರಷ್ಯದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನಳಿಗಾಗಿ ಫ್ರಾನ್ಸಿನ ಸೆವ್ರ್ ಕಾರ್ಖಾನೆ 1779ರಲ್ಲಿ ಪೂರೈಸಿದ ಪಾತ್ರೆಗಳಲ್ಲಿ ಗ್ರೀಕ್ ಮತ್ತು ರೋಮನ್ ಕಥೆಗಳ ಚಿತ್ರಗಳಿದ್ದುವು, ನಡುವೆ ಆಕೆಯ ಹೆಸರಿನ ಮೊದಲಕ್ಷರವಿತ್ತು. ಫ್ರಾನ್ಸಿನ ಹದಿನಾರನೆಯ ಲೂಯಿ 1783ರಲ್ಲಿ ಇನ್ನೂ ಭವ್ಯವಾದ ಒಂದು ಜೋಡಣೆಯನ್ನು ತನಗಾಗಿ ಮಾಡಿಸತೊಡಗಿದ. ಅದು ಪೂರ್ತಿಯಾಗಲು ಇಪ್ಪತ್ತು ವರ್ಷಗಳಾದರೂ ಬೇಕೆಂಬ ಲೆಕ್ಕವಿತ್ತು. ಹತ್ತೇ ವರ್ಷಗಳಲ್ಲಿ, 1793ರ ಜನವರಿಯಲ್ಲಿ, ಅವನ ತಲೆಯೇ ಉರುಳಿತು. ಪಾತ್ರೆಗಳು ಅರ್ಧಕ್ಕೆ ನಿಂತವು. ದೇವತೆಗಳು, ವೀರರು, ರಾಜಮುದ್ರೆಗಳು, ಇವೇ ಆ ಕಾಲದ ಅರಸರ ತಟ್ಟೆಗಳ ಮೇಲಿನ ವಿಷಯ.

ಈ ಹಿನ್ನೆಲೆಯಲ್ಲಿ ಡೆನ್ಮಾರ್ಕಿನ ತಟ್ಟೆಯನ್ನು ನೋಡಿರಿ. ಅಚ್ಚ ಬಿಳಿಯ ಮೈ. ಅಂಚಿಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಚಿನ್ನದ ಕಟ್ಟು. ನಡುವೆ ದೇವತೆಯಿಲ್ಲ, ರಾಜನ ಮುಖವಿಲ್ಲ, ಗುಲಾಬಿಯ ಗೊಂಚಲೂ ಇಲ್ಲ. ಹೊಲದ ಬದುವಿನಲ್ಲೋ ಕೆರೆಯಂಚಿನಲ್ಲೋ ತಾನಾಗಿ ಬೆಳೆದ ಒಂದು ಸಾಮಾನ್ಯ ಗಿಡವಿದೆ, ಎಷ್ಟೋ ತಟ್ಟೆಗಳಲ್ಲಿ ಬೇರು ಸಮೇತ! ಗಿಡ ಉದ್ದವಾಗಿ ತಟ್ಟೆಯಲ್ಲಿ ಹಿಡಿಸದೆ ಹೋದರೆ ಅದನ್ನು ಕುಗ್ಗಿಸಿ ಬರೆದಿಲ್ಲ. ಕಾಂಡವನ್ನು ಬಗ್ಗಿಸಿದ್ದಾರೆ, ಇಲ್ಲವೇ ತುಂಡರಿಸಿ ಬೇರನ್ನು ಪಕ್ಕಕ್ಕೆ ಬರೆದಿದ್ದಾರೆ. ತಟ್ಟೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಆ ಗಿಡದ ಲ್ಯಾಟಿನ್ ಹೆಸರು. ಊಟದ ತಟ್ಟೆಯೋ ಸಸ್ಯಶಾಸ್ತ್ರದ ಪಾಠವೋ ಎಂದು ಬೆರಗಾಗುವಂತಿದೆ. ಸೂಪಿನ ತಟ್ಟೆ, ಮೀನಿನ ಹರಿವಾಣ, ಹಣ್ಣಿನ ಬುಟ್ಟಿ, ಐಸ್‌ಕ್ರೀಮನ್ನು ತಣ್ಣಗಿಡುವ ಪಾತ್ರೆ, ಮುಚ್ಚಳವುಳ್ಳ ಪುಟ್ಟ ಬಟ್ಟಲು, ಹೀಗೆ ಎಲ್ಲ ಸೇರಿ 1802 ಪಾತ್ರೆಗಳು. ಕೆಲಸ ನಿಂತದ್ದೂ 1802ರಲ್ಲಿಯೇ ಆದ್ದರಿಂದ ನೆನಪಿಡುವುದು ಸುಲಭ. ಇವುಗಳಿಗೆ ‘ಫ್ಲೋರಾ ಡಾನಿಕಾ’ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಡೆನ್ಮಾರ್ಕಿನ ಸಸ್ಯಸಂಪತ್ತು ಎಂದರ್ಥ.

ವಾಸ್ತವವಾಗಿ ಈ ಹೆಸರು ಮೊದಲು ತಟ್ಟೆಯದಲ್ಲ, ಒಂದು ಪುಸ್ತಕದ್ದು. ತಟ್ಟೆಯ ಕಥೆ ಅರ್ಥವಾಗಬೇಕಾದರೆ ಪುಸ್ತಕದ ಕಥೆ ತಿಳಿಯಬೇಕು.

ಜರ್ಮನ್ ಮೂಲದ ಗೇಯೋರ್ಗ್ ಕ್ರಿಶ್ಚಿಯನ್ ಓಡರ್ ಎಂಬ ಸಸ್ಯವಿಜ್ಞಾನಿಯನ್ನು ಡೆನ್ಮಾರ್ಕ್ ಸರಕಾರ ಕೋಪನ್‌ಹೇಗನ್ನಿಗೆ ಕರೆಸಿಕೊಂಡಿತ್ತು. ಡೆನ್ಮಾರ್ಕಿನ ಅರಸನ ಆಳ್ವಿಕೆಗೆ ಒಳಪಟ್ಟ ನಾಡುಗಳಲ್ಲಿ, ಎಂದರೆ ಆಗ ಅದರೊಡನೆ ಕೂಡಿಕೊಂಡಿದ್ದ ನಾರ್ವೆ, ಐಸ್‌ಲ್ಯಾಂಡ್ ಮೊದಲಾದುವನ್ನೂ ಸೇರಿಸಿ, ತಾನಾಗಿ ಬೆಳೆಯುವ ಪ್ರತಿಯೊಂದು ಸಸ್ಯವನ್ನೂ ಚಿತ್ರಿಸಿ ಪ್ರಕಟಿಸಬೇಕೆಂದು ಓಡರ್ 1753ರಲ್ಲಿ ಸೂಚಿಸಿದ. ಹೂಗಿಡಗಳಷ್ಟೇ ಅಲ್ಲ, ಹುಲ್ಲು, ಹಾವಸೆ, ಅಣಬೆಗಳೂ ಬರಬೇಕು. ಐದನೆಯ ಫ್ರೆಡೆರಿಕ್ ದೊರೆ ಒಪ್ಪಿದ. ಮೊದಲ ಸಂಚಿಕೆ 1761ರಲ್ಲಿ ಹೊರಬಂದಿತು. ತಾಮ್ರದ ಫಲಕದಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರಗಳು. ಕೆಲವು ಪ್ರತಿಗಳಿಗೆ ಕೈಯಿಂದ ಬಣ್ಣ. ಈ ಪುಸ್ತಕ ಮುಗಿದದ್ದು ಯಾವಾಗ ಎಂದುಕೊಂಡಿರಿ? 1883ರಲ್ಲಿ! 122 ವರ್ಷ, 3,240 ಚಿತ್ರಫಲಕಗಳು, ಸಂಪಾದಕರ ಹಲವು ತಲೆಮಾರು. ಕಾರ್ಯಾರಂಭ ಮಾಡಿದವರಲ್ಲಿ ಒಬ್ಬನೂ ಮುಕ್ತಾಯವನ್ನು ಕಾಣಲಿಲ್ಲ.

ಓಡರನ ಉದ್ದೇಶ ಅರಸನ ಗ್ರಂಥಾಲಯವನ್ನು ಸಿಂಗರಿಸುವುದಾಗಿರಲಿಲ್ಲ. ತಮ್ಮ ಕಾಲಡಿಯಲ್ಲಿ ಬೆಳೆಯುವ ಗಿಡಗಳಲ್ಲಿ ಯಾವುದು ಔಷಧ, ಯಾವುದು ವಿಷ, ಯಾವುದು ದನಕ್ಕೆ ಮೇವು ಎಂಬುದು ಜನಸಾಮಾನ್ಯರಿಗೆ ತಿಳಿಯಬೇಕೆಂಬುದು ಅವನ ಆಸೆ. ಅದಕ್ಕಾಗಿ ಪುಸ್ತಕದ ಪ್ರತಿಗಳು ಬಿಷಪ್ಪರ ಮೂಲಕ ಹಳ್ಳಿಗಾಡಿನ ಆಸಕ್ತರಿಗೆ ತಲುಪಬೇಕೆಂದು ಯೋಜಿಸಲಾಗಿತ್ತು.

ಆ ಜನಸಾಮಾನ್ಯರ ಸ್ಥಿತಿ ಹೇಗಿತ್ತೆಂಬುದನ್ನೂ ಹೇಳಬೇಕು. ಡೆನ್ಮಾರ್ಕಿನಲ್ಲಿ 1733ರಿಂದ ಒಂದು ಕಾನೂನಿತ್ತು. ರೈತಾಪಿ ಗಂಡಸರು ನಿರ್ದಿಷ್ಟ ವಯಸ್ಸಿನವರೆಗೆ ತಾವು ಹುಟ್ಟಿದ ಜಹಗೀರನ್ನು ಬಿಟ್ಟು ಬೇರೆಡೆಗೆ ಹೋಗುವಂತಿರಲಿಲ್ಲ. ಜಮೀನ್ದಾರನಿಗೆ ದುಡಿಯುವ ಕೈ ಬೇಕು, ಸೈನ್ಯಕ್ಕೆ ಆಳು ಬೇಕು. ಅದಕ್ಕಾಗಿ ಮನುಷ್ಯನನ್ನೇ ಮಣ್ಣಿಗೆ ಕಟ್ಟಿಹಾಕಿದ ಕಾನೂನು ಅದು. ಗಿಡಗಳ ಪುಸ್ತಕ ಮಾಡುತ್ತಿದ್ದ ಇದೇ ಓಡರ್ 1769ರಲ್ಲಿ ರೈತರಿಗೆ ಸ್ವಾತಂತ್ರ್ಯವನ್ನೂ ಭೂಮಿಯ ಒಡೆತನವನ್ನೂ ಕೊಡಬೇಕೆಂದು ವಾದಿಸಿ ಒಂದು ಗ್ರಂಥವನ್ನು ಬರೆದ. ಬೇರಿನ ಸಮೇತ ಗಿಡವನ್ನು ನೋಡಬಲ್ಲವನು ನೆಲದ ಮೇಲಿನ ಮನುಷ್ಯನನ್ನೂ ನೋಡಿದ್ದನೆಂದು ನನಗನ್ನಿಸುತ್ತದೆ.

ಅಷ್ಟರಲ್ಲಿ ಅರಮನೆಯಲ್ಲಿ ಗಾಳಿ ತಿರುಗಿತು. ಅಂದಿನ ದೊರೆ ಏಳನೆಯ ಕ್ರಿಶ್ಚಿಯನ್ ಮನೋವ್ಯಾಧಿಯಿಂದ ಬಳಲುತ್ತಿದ್ದ. ಅವನ ವೈದ್ಯನಾದ ಸ್ಟ್ರೂನ್ಸೇ ಎಂಬಾತ ಆಡಳಿತವನ್ನೆಲ್ಲ ಕೈಗೆ ತೆಗೆದುಕೊಂಡು ಅವಸರ ಅವಸರವಾಗಿ ಸುಧಾರಣೆಗಳನ್ನು ತಂದ. ರೈತರ ವಿಷಯಕ್ಕೆ ಸಂಬಂಧಿಸಿದ ಕೆಲಸಗಳಲ್ಲಿ ಓಡರನೂ ಇದ್ದ. 1772ರಲ್ಲಿ ರಾಜನ ಮಲತಾಯಿ ಯೂಲಿಯಾನೆ ಮರೀ ಮತ್ತು ಅವಳ ಪಕ್ಷದವರು ಸ್ಟ್ರೂನ್ಸೇಯನ್ನು ಕೆಡವಿದರು; ಅವನ ಶಿರಚ್ಛೇದವಾಯಿತು. ಓಡರ್ ಕೋಪನ್‌ಹೇಗನ್ನನ್ನು ಬಿಟ್ಟು ದೂರದ ಓಲ್ಡನ್‌ಬುರ್ಗ್ ಎಂಬಲ್ಲಿಗೆ ಅಧಿಕಾರಿಯಾಗಿ ಹೋಗಬೇಕಾಯಿತು. ಅವನು ಆರಂಭಿಸಿದ ಪುಸ್ತಕವನ್ನು ಬೇರೆಯವರು ಮುಂದುವರಿಸಿದರು.

ಈಗ ಕಾರ್ಖಾನೆಯ ಸರದಿ. ಫ್ರಾನ್ಸ್ ಹೆನ್ರಿಕ್ ಮ್ಯುಲ್ಲರ್ ಎಂಬ ರಸಾಯನಶಾಸ್ತ್ರಜ್ಞ ವರ್ಷಗಟ್ಟಲೆ ಪ್ರಯೋಗ ಮಾಡಿ ಪಿಂಗಾಣಿಯ ಹದವನ್ನು ಕಂಡುಕೊಂಡಿದ್ದ. 1775ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕಾರ್ಖಾನೆ ಆರಂಭವಾಯಿತು. ಅದರ ಪೋಷಕಿ ಬೇರೆ ಯಾರೂ ಅಲ್ಲ, ಅದೇ ಯೂಲಿಯಾನೆ ಮರೀ. ಡೆನ್ಮಾರ್ಕಿನ ಮೂರು ಜಲಸಂಧಿಗಳನ್ನು ಸೂಚಿಸುವ ಮೂರು ನೀಲಿ ಅಲೆಗೆರೆಗಳೇ ಕಾರ್ಖಾನೆಯ ಗುರುತು. 1779ರಲ್ಲಿ ರಾಜಮನೆತನವೇ ಅದನ್ನು ವಹಿಸಿಕೊಂಡಿತು. ಅದರ ನಿರ್ದೇಶಕನಾಗಿದ್ದ ಥಿಯೋಡೋರ್ ಹೋಲ್ಮ್‌ಸ್ಕ್ಯೋಲ್ಡ್ ಸ್ವತಃ ಸಸ್ಯವಿಜ್ಞಾನಿ, ಅಣಬೆಗಳನ್ನು ಕುರಿತು ಗ್ರಂಥ ಬರೆದವನು. ಆ ಗ್ರಂಥಕ್ಕೆ ಚಿತ್ರಗಳನ್ನು ಬರೆದಿದ್ದವನು ಯೋಹಾನ್ ಕ್ರಿಸ್ಟೋಫ್ ಬಾಯರ್. ನಮ್ಮ ತಟ್ಟೆಯ ನಿಜವಾದ ಕಥಾನಾಯಕ ಇವನೇ.

1790ರಲ್ಲಿ, ತಂದೆಯ ಪರವಾಗಿ ಆಡಳಿತ ನಡೆಸುತ್ತಿದ್ದ ಯುವರಾಜ ಫ್ರೆಡೆರಿಕ್ ಕಾರ್ಖಾನೆಗೆ ಆಜ್ಞೆಯಿತ್ತ: ಫ್ಲೋರಾ ಡಾನಿಕಾ ಪುಸ್ತಕದ ಗಿಡಗಳನ್ನು ಹೊತ್ತ ಭೋಜನಪಾತ್ರೆಗಳು ಸಿದ್ಧವಾಗಲಿ. ರಷ್ಯದ ಕ್ಯಾಥರೀನಳಿಗೆ ಉಡುಗೊರೆಯಾಗಿ ಕೊಡಲೆಂದು ಇವನ್ನು ಮಾಡಿಸಿದರೆಂಬುದು ಬಹುಕಾಲದಿಂದ ಬಂದ ಮಾತು. ಅದನ್ನು ಮಾತೆಂದೇ ಗ್ರಹಿಸಿರಿ. ಆಕೆ 1796ರಲ್ಲಿ ತೀರಿಕೊಂಡಳು, ಪಾತ್ರೆಗಳ ಕೆಲಸ ಮಾತ್ರ ಮುಂದುವರಿಯಿತು. ಇದಕ್ಕೆ ಎರಡು ವರ್ಷ ಮೊದಲು, 1788ರಲ್ಲಿ, ರೈತರನ್ನು ಕಟ್ಟಿಹಾಕಿದ್ದ ಆ ಹಳೆಯ ಕಾನೂನನ್ನು ಇದೇ ಯುವರಾಜನ ಆಡಳಿತ ರದ್ದುಪಡಿಸಿತ್ತು ಎಂಬುದನ್ನೂ ಸೇರಿಸಿ ಹೇಳದಿದ್ದರೆ ಅನ್ಯಾಯವಾದೀತು. ಓಡರ್ ಕೇಳಿದ್ದು ಹತ್ತೊಂಬತ್ತು ವರ್ಷಗಳ ಬಳಿಕವಾದರೂ ನಡೆಯತೊಡಗಿತು. ಅವನು 1791ರಲ್ಲಿ ಓಲ್ಡನ್‌ಬುರ್ಗಿನಲ್ಲಿಯೇ ತೀರಿಕೊಂಡ.

ಬಾಯರ್ ಹುಟ್ಟಿದ್ದು 1738ರಲ್ಲಿ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ. ಈ ಕೆಲಸ ಕೈಗೆ ಬಂದಾಗ ಅವನಿಗೆ ಐವತ್ತೆರಡು. ಪಿಂಗಾಣಿಯ ಮೇಲೆ ಚಿತ್ರ ಬರೆಯುವುದೆಂದರೆ ಕಾಗದದ ಮೇಲೆ ಬರೆದಂತಲ್ಲ. ಬಿಳಿ ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಬೆಣಚುಕಲ್ಲುಗಳನ್ನು ಬೆರೆಸಿ ಮಾಡಿದ ತಟ್ಟೆಯನ್ನು ಒಮ್ಮೆ ಸುಟ್ಟು, ಮೆರುಗು ಹಚ್ಚಿ ಸುಮಾರು 1400 ಡಿಗ್ರಿಯ ಉರಿಯಲ್ಲಿ ಮತ್ತೆ ಸುಡಬೇಕು. ಆಮೇಲೆ ಆ ನುಣ್ಣನೆಯ ಮೈಮೇಲೆ ಲೋಹದ ಆಕ್ಸೈಡುಗಳಿಂದಾದ ಬಣ್ಣ. ಹಚ್ಚುವಾಗ ಕಾಣುವ ಬಣ್ಣವೇ ಬೇರೆ, ಗೂಡಿನಿಂದ ಹೊರಬಂದ ಬಣ್ಣವೇ ಬೇರೆ. ಎಲೆ ಹಸಿರಾಗಿ ಬರಬೇಕಾದರೆ ಯಾವ ಬಣ್ಣ ಎಷ್ಟು ತೆಳುವಾಗಿರಬೇಕೆಂಬುದನ್ನು ಚಿತ್ರಕಾರ ಮನಸ್ಸಿನಲ್ಲೇ ಕಾಣಬೇಕು. ಒಮ್ಮೆ ಸುಟ್ಟಮೇಲೆ ಅಳಿಸುವ ಮಾತಿಲ್ಲ. ಚಿನ್ನದ ಕೆಲಸ ಕೊನೆಗೆ. ಸುಟ್ಟ ನಂತರ ಅದನ್ನು ಉಜ್ಜಿ ಹೊಳಪು ತರಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಹನ್ನೆರಡು ವರ್ಷ, 1802 ಪಾತ್ರೆಗಳು. ವರ್ಷಕ್ಕೆ ನೂರೈವತ್ತು, ವಾರಕ್ಕೆ ಸುಮಾರು ಮೂರು. ಅಂಚು ಕತ್ತರಿಸುವುದು, ಜಾಲಂಧ್ರದ ಕೆಲಸ, ಚಿನ್ನ ಹಚ್ಚುವುದು, ಇವಕ್ಕೆ ಬೇರೆ ಕೈಗಳಿದ್ದುವು. ಆದರೆ ಗಿಡಗಳನ್ನು ಬರೆದವನು ಹೆಚ್ಚುಕಡಿಮೆ ಬಾಯರ್ ಒಬ್ಬನೇ. ವಾರಕ್ಕೆ ಮೂರರಂತೆ, ಹನ್ನೆರಡು ವರ್ಷ, ಕೂದಲೆಳೆಯ ಕುಂಚ ಹಿಡಿದು, ಪ್ರತಿ ಎಲೆಯ ನರವನ್ನೂ ಪ್ರತಿ ಬೇರಿನ ಕವಲನ್ನೂ ಮೂಲಕ್ಕೆ ಚ್ಯುತಿ ಬಾರದಂತೆ ಬರೆದ. ಉತ್ತರ ದೇಶದ ಚಳಿಗಾಲದಲ್ಲಿ ಹಗಲಿಗೆ ಏಳೆಂಟು ಗಂಟೆಯ ಬೆಳಕು ಸಿಕ್ಕರೆ ಹೆಚ್ಚು. ಈ ಕೆಲಸದಿಂದ ಅವನ ದೃಷ್ಟಿ ಕೆಟ್ಟುಹೋಯಿತೆಂದು ಹೇಳುತ್ತಾರೆ. ದೀಪದ ಬೆಳಕಿನಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿ, ಕನ್ನಡಕದ ನಂಬರನ್ನು ವರ್ಷ ವರ್ಷವೂ ಏರಿಸಿಕೊಂಡ ನಮ್ಮಂಥವರಿಗೆ ಆ ಮಾತು ಓದಿದೊಡನೆ ತಟ್ಟುತ್ತದೆ.

1802ರಲ್ಲಿ ಯುವರಾಜನ ಅಪ್ಪಣೆಯಂತೆ ಕೆಲಸ ನಿಂತಿತು. ಪುಸ್ತಕದ ಗಿಡಗಳು ಇನ್ನೂ ಮುಗಿದಿರಲಿಲ್ಲ. ಬಾಯರನಿಗೆ ಆಗ ಅರವತ್ತನಾಲ್ಕು. 1803ರ ಜನವರಿ 29ರಂದು, ಏಳನೆಯ ಕ್ರಿಶ್ಚಿಯನ್ ದೊರೆಯ ಹುಟ್ಟುಹಬ್ಬದ ಔತಣದಲ್ಲಿ ಈ ಪಾತ್ರೆಗಳನ್ನು ಮೊದಲ ಬಾರಿಗೆ ಮೇಜಿನ ಮೇಲೆ ಇಟ್ಟರು. ಮುಂದೆ 1807ರಲ್ಲಿ ಇಂಗ್ಲಿಷರ ಫಿರಂಗಿಗಳು ಕೋಪನ್‌ಹೇಗನ್ನನ್ನು ಸುಟ್ಟವು. 1814ರಲ್ಲಿ ನಾರ್ವೆ ಡೆನ್ಮಾರ್ಕಿನ ಕೈತಪ್ಪಿತು. ಪಿಂಗಾಣಿ ಮಾತ್ರ ಉಳಿಯಿತು. ಮೂಲ ಪಾತ್ರೆಗಳಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಇಂದಿಗೂ ಇವೆ. ಹಲವನ್ನು ಕೋಪನ್‌ಹೇಗನ್ನಿನ ರೋಸೆನ್‌ಬೋರ್ಗ್ ಅರಮನೆಯ ಗಾಜಿನ ಕಪಾಟುಗಳಲ್ಲಿ ನೋಡಬಹುದು. 1863ರಲ್ಲಿ ಡೆನ್ಮಾರ್ಕಿನ ರಾಜಕುಮಾರಿ ಅಲೆಕ್ಸಾಂಡ್ರಾ ಇಂಗ್ಲೆಂಡಿನ ಯುವರಾಜನನ್ನು ವಿವಾಹವಾದಾಗ ಉಡುಗೊರೆಗೆಂದು ಅದೇ ಮಾದರಿಯಲ್ಲಿ ಹೊಸದೊಂದು ಜೋಡಣೆಯನ್ನು ಮಾಡಿಸಿದರು.

ಈ ಕಥೆಯಲ್ಲಿ ನನ್ನನ್ನು ಕಾಡುವ ಪ್ರಶ್ನೆ ಇದು. ರೈತನ ಕೈಗೆ ಸೇರಲೆಂದು ಆರಂಭವಾದ ವಿದ್ಯೆ ಅರಸನ ಮೇಜಿಗೆ ಬಂದು ಕುಳಿತಿತಲ್ಲ, ಇದು ವಿದ್ಯೆಯ ಗೆಲುವೋ ಸೋಲೋ? ಆ ಕಾಡುಗಿಡದ ಮೇಲೆ ಅತಿಥಿಗೆ ಮಾಂಸವನ್ನು ಬಡಿಸಿದರು, ಸಾರು ಸುರಿದರು. ಗಿಡ ಕಾಣುವುದು ಊಟ ಮುಗಿದ ಮೇಲೆ. ಅದರ ಹೆಸರು ಕಾಣಬೇಕಾದರೆ ತಟ್ಟೆಯನ್ನೇ ಮಗುಚಬೇಕು. ದೊರೆಯ ಎದುರಿಗೆ ಯಾರು ತಾನೇ ತಟ್ಟೆಯನ್ನು ಮಗುಚಿಯಾರು? ಒಂದು ಕಡೆಯಿಂದ ನೋಡಿದರೆ ಓಡರನ ಕನಸನ್ನು ಅರಮನೆ ತಿಂದುಹಾಕಿತು ಎನ್ನಬೇಕು.

ಆದರೆ ಇನ್ನೊಂದು ಕಡೆಯೂ ಇದೆ. ಅರಮನೆ ತನ್ನ ವೈಭವವನ್ನು ತೋರಿಸಿಕೊಳ್ಳಲು ಆರಿಸಿಕೊಂಡದ್ದು ಗ್ರೀಸಿನ ದೇವತೆಗಳನ್ನಲ್ಲ, ತನ್ನದೇ ನೆಲದ ಹುಲ್ಲನ್ನು. ‘ನಮ್ಮ ನಾಡೆಂದರೆ ಇದು’ ಎಂದು ಪರರ ಮುಂದೆ ಇಡಬಹುದಾದ ವಸ್ತು ಕಾಲಡಿಯ ಕಳೆಯೂ ಆಗಬಹುದೆಂಬ ಧೈರ್ಯವನ್ನು ಆ ಪುಸ್ತಕ ಅವರಿಗೆ ಕೊಟ್ಟಿತ್ತು. ಬಾಯರನಾದರೋ ದೊರೆಯ ಮನಸ್ಸನ್ನು ಒಲಿಸಲು ಗಿಡವನ್ನು ಚಂದಗೊಳಿಸಲಿಲ್ಲ. ಇದ್ದುದನ್ನು ಇದ್ದಂತೆ, ಬೇರಿನ ಸಮೇತ ಬರೆದ. ಪುಸ್ತಕ ಎಷ್ಟು ಮಂದಿ ರೈತರಿಗೆ ತಲುಪಿತೋ ಬಿಟ್ಟಿತೋ, ಅದರ ಸತ್ಯವಂತೂ ತಟ್ಟೆಯ ಮೇಲೆ ಕೆಡಲಿಲ್ಲ. ಅಧ್ಯಾಪಕನಾದವನಿಗೆ ಇದು ಸಣ್ಣ ಸಮಾಧಾನವಲ್ಲ. ನಾವು ಹೇಳಿಕೊಟ್ಟದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಕೆಡದಂತೆ ಹೇಳುವುದಷ್ಟೇ ನಮ್ಮ ಕೆಲಸ.

ಇನ್ನು ಒಗ್ಗರಣೆಯ ಮಾತು. ಆ ಪುಸ್ತಕಕ್ಕಾಗಿ ಗಿಡಗಳನ್ನು ಸಂಗ್ರಹಿಸಲು 1764ರಲ್ಲಿ ಐಸ್‌ಲ್ಯಾಂಡಿಗೆ ಹೋದವನು ಯೋಹಾನ್ ಗೆರ್ಹಾರ್ಡ್ ಕೋನಿಗ್. ಜಗತ್ಪ್ರಸಿದ್ಧ ಸಸ್ಯವಿಜ್ಞಾನಿ ಲಿನೇಯಸನ ಶಿಷ್ಯ. ಹಿಮದ ನಾಡಿನಲ್ಲಿ ಗಿಡಗಳನ್ನು ಹುಡುಕಿದ ಈತ ಅಲ್ಲಿಂದ ಬಂದದ್ದೆಲ್ಲಿಗೆ ಗೊತ್ತೇ? ತಮಿಳುನಾಡಿನ ತರಂಗಂಬಾಡಿಗೆ. ಅದು 1620ರಿಂದ 1845ರವರೆಗೆ ಡೆನ್ಮಾರ್ಕಿನ ವಸಾಹತಾಗಿತ್ತು. 1768ರಲ್ಲಿ ಅಲ್ಲಿಯ ಮಿಷನ್ನಿನ ವೈದ್ಯನಾಗಿ ಬಂದ ಕೋನಿಗ್ ನಮ್ಮ ನಾಡಿನ ಗಿಡಗಳನ್ನು ಅದೇ ಶ್ರದ್ಧೆಯಿಂದ ಸಂಗ್ರಹಿಸಿ ಗುರುವಿಗೆ ಕಳುಹಿಸಿದ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಪ್ರಕೃತಿವಿಜ್ಞಾನಿಯಾಗಿ, ತಾಯ್ನಾಡಿಗೆ ಮರಳದೆ, 1785ರಲ್ಲಿ ಕಾಕಿನಾಡದ ಬಳಿ ತೀರಿಕೊಂಡ. ಅದೇ ತರಂಗಂಬಾಡಿಗೆ ಮುಂದೆ ಮಿಷನರಿಯಾಗಿ ಬಂದ ಬೆಂಜಮಿನ್ ಹೈನ್ ಎಂಬ ಸಸ್ಯವಿಜ್ಞಾನಿ, ಟಿಪ್ಪೂ ಸುಲ್ತಾನನ ಮರಣಾನಂತರ ಕಂಪನಿಯ ಪರವಾಗಿ ನಮ್ಮ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡ.

ಶಿಷ್ಯನ ನೆನಪಿಗಾಗಿ ಲಿನೇಯಸ್ 1771ರಲ್ಲಿ ಒಂದು ಭಾರತೀಯ ಗಿಡಕ್ಕೆ ಅವನ ಹೆಸರನ್ನಿಟ್ಟ: ಬರ್ಗೆರಾ ಕೊಯೆನಿಗಿ. ಮುರ್ರಯಾ ಕೊಯೆನಿಗಿ ಎಂಬ ಹೆಸರಿನಿಂದ ನಿಮ್ಮಲ್ಲಿ ವಿಜ್ಞಾನ ಓದಿದವರು ಅದನ್ನು ಬಲ್ಲಿರಿ. ನಮ್ಮ ನಿಮ್ಮ ಹಿತ್ತಲಿನ ಕರಿಬೇವು! ಐಸ್‌ಲ್ಯಾಂಡಿನ ಗಿಡಗಳನ್ನು ಆ ಪುಸ್ತಕಕ್ಕೆ ಹುಡುಕಿದವನ ಹೆಸರು ಇಂದು ನಮ್ಮ ಮನೆಮನೆಯ ಸಾರಿನಲ್ಲಿ ತೇಲುತ್ತಿದೆ. ಕೆಲಸವಾಗುವತನಕ ಬಳಸಿಕೊಂಡು ಆಮೇಲೆ ಮರೆಯುವುದಕ್ಕೆ ನಮ್ಮಲ್ಲಿ ‘ಕರಿಬೇವಿನಂತೆ’ ಎನ್ನುತ್ತಾರೆ. ಓಡರ್, ಬಾಯರ್, ಕೋನಿಗ್, ಈ ಮೂವರಿಗೂ ಆ ಮಾತು ಎಷ್ಟೊಂದು ಹೊಂದುತ್ತದೆ, ನೋಡಿ! ಅರಸರ ಹೆಸರು ವಂಶಾವಳಿಯಲ್ಲಿ ಉಳಿಯಿತು. ಇವರ ಹೆಸರು ತಟ್ಟೆಯ ಅಡಿಯಲ್ಲೂ ಇಲ್ಲ.

ನಿಮ್ಮಲ್ಲಿ ಕೆಲವರು ಈಗ ಯುರೋಪಿನಲ್ಲೇ ಇದ್ದೀರಿ. ಕೋಪನ್‌ಹೇಗನ್ನಿಗೆ ಹೋಗುವ ಸಂದರ್ಭ ಬಂದರೆ ರೋಸೆನ್‌ಬೋರ್ಗಿನಲ್ಲಿ ಆ ಪಾತ್ರೆಗಳ ಎದುರಿಗೆ ಐದು ನಿಮಿಷ ನಿಲ್ಲಿರಿ. ಚಿನ್ನದ ಅಂಚನ್ನು ಬಿಟ್ಟು ಬೇರುಗಳನ್ನು ನೋಡಿರಿ. ಊರಿನಲ್ಲಿರುವವರು ಮಕ್ಕಳನ್ನು ಕರೆದುಕೊಂಡು ಬದುವಿನ ಮೇಲೆ ನಡೆಯಿರಿ. ತುಂಬೆ, ಉತ್ತರಾಣಿ, ನೆಲನೆಲ್ಲಿ, ಗರಿಕೆ, ಇವುಗಳಲ್ಲಿ ಎಷ್ಟನ್ನು ಅವರು ಹೆಸರಿಟ್ಟು ಕರೆಯಬಲ್ಲರೋ ಕೇಳಿ ನೋಡಿ. ನಾಲ್ಕನ್ನೂ ಗುರುತಿಸಿದವರಿದ್ದರೆ ನನಗೆ ತಿಳಿಸಿರಿ, ಸಂತೋಷಪಡುತ್ತೇನೆ.